ಹಿಂದಿನ ಕೋಣೆ

ಕಾಜುಬಾಗದ ಕ್ಲಿನಿಕ್ಕಿನಲ್ಲಿ ನನ್ನದು ಹಿಂದಿನ ಕೋಣೆ.
ಗೋಡೆಗೆ ಕಾರ್ಪೆಟ್ಟು, ಬಾಗಿಲಿಗೆ ರಬ್ಬರು,
ನೆಲಕ್ಕೆ ಪ್ಲೈವುಡ್ಡಿನ ಅಟ್ಟಣೆ.
ಕಿವಿ ಪರೀಕ್ಷೆ ಶುರುವಾದರೆ ಏಸಿ ಬಂದ್, ಸೀಲಿಂಗ್ ಫ್ಯಾನ್ ಬಂದ್,
ನನ್ನ ಬಳೆಗಳೂ ಡ್ರಾಯರಿನಲ್ಲಿ.
ಉಳಿಯುವುದು ಮೇಜಿನಡಿಯ ಕಂಪ್ಯೂಟರು,
ಅದಕ್ಕೆ ಉಸಿರು ಕಟ್ಟು ಎನ್ನಲಾಗದು.

ಹೆಡ್‌ಫೋನಿನಲ್ಲಿ ಸಣ್ಣ ಕೂಗು ಕಳಿಸುತ್ತೇನೆ,
ಕೇಳಿದರೆ ಗುಂಡಿ ಒತ್ತಬೇಕು. ಅಷ್ಟೇ.
ನಿವೃತ್ತ ಡ್ರಿಲ್ ಮಾಸ್ತರು ವಾಮನ ಗುನಗಿ
ನಾನು ಕಳಿಸದ್ದಕ್ಕೂ ಒತ್ತಿದರು, ಹನ್ನೊಂದು ಸಲ.
ಫ್ಯಾನು ಏರಿದಾಗೆಲ್ಲ ಒತ್ತಿದರು.
ಕಾಗದದ ಮೇಲೆ ಅವರ ಕಿವಿ ಇಪ್ಪತ್ತರ ಹುಡುಗನದು,
ಮನೆಯ ಟೀವಿ ಮಾತ್ರ ಪಕ್ಕದ ಬೀದಿಗೂ ಕೇಳುವಷ್ಟು.

ಅಂದು ಸಂಜೆ ಫ್ಯಾನಿನ ಗೆರೆ ತೆರೆದು ಕೂತೆ.
ಅಡ್ಡಕ್ಕೆ ಶಾಖ, ಉದ್ದಕ್ಕೆ ವೇಗ,
ನಡುವೆ ಹಿಡಿದೆಳೆಯಲು ಐದು ಚುಕ್ಕಿ.
ಐದನ್ನೂ ನೆಲಕ್ಕೆ ಎಳೆದೆ.
ಮರುದಿನ ಎಂಥ ಮೌನ ಅಂದರೆ
ಹೊಟ್ಟೆಯೊಳಗೆ ಅವಲಕ್ಕಿ ಆಡಿಕೊಂಡ ಮಾತೂ ಕೇಳಿತು.
ಹತ್ತೂವರೆಗೆ, ಚೆಂಡಿಯೆಯ ಕೂಸೊಂದು
ಸದ್ದು ಬಂದತ್ತ ಇನ್ನೇನು ಕತ್ತು ತಿರುಗಿಸಬೇಕು,
ತೊಂಬತ್ತೆಂಟು ಡಿಗ್ರಿ. ಪರದೆ ಕಪ್ಪು.
ತಾಯಿ ನನ್ನ ಮುಖ ನೋಡಿದಳು,
ತಪ್ಪು ಕೂಸಿನದೇ ಎಂಬಂತೆ.

ಆಮೇಲೆ ಮೂರು ವಾರ.
ಉಪ್ಪುಗಾಳಿ ಜಾಳಿಗೆಗೆ ಮೆತ್ತಿದ ಬೂದಿ ಪೊರೆಯನ್ನು ಕುಂಚದಲ್ಲಿ ಬಿಡಿಸಿದೆ,
ಪ್ರೊಸೆಸರಿನ ನೆತ್ತಿಗೆ ಹೊಸ ಪೇಸ್ಟು, ಕಡಲೆಯಷ್ಟು.
ಅರವತ್ತಕ್ಕೆ ಏಳು ಎಂದಿಟ್ಟರೆ
ಅದು ಅರವತ್ತರ ಹೊಸ್ತಿಲಲ್ಲೇ
ಒಳಗೆ ಹೊರಗೆ, ಒಳಗೆ ಹೊರಗೆ,
ಊಟಕ್ಕೆ ಕರೆದರೋ ಇಲ್ಲವೋ ತಿಳಿಯದ ನೆಂಟನ ಹಾಗೆ.

ಬೈತಖೋಲದ ಬುಧವಂತ ಹರಿಕಂತ್ರ ಬಂದದ್ದು ಮೇ ಕೊನೆಗೆ.
ಪರ್ಸೀನ್ ಬೋಟಿನ ಎಂಜಿನ್ ಡ್ರೈವರು,
ಮೂವತ್ತೊಂದು ವರ್ಷ ಆರು ಸಿಲಿಂಡರಿನ ಮಗ್ಗುಲಲ್ಲೇ ನಿದ್ದೆ.
ಹೆಂಡತಿ ಕೈಸನ್ನೆಯಲ್ಲಿ ಬೈಯುತ್ತ ಕರೆತಂದಿದ್ದಳು.
ಚಪ್ಪಲಿ ಹೊರಗೆ ಬಿಟ್ಟು ಕೂತರು.
ನಾಲ್ಕು ಸಾವಿರ ಹರ್ಟ್ಸ್, ಇಲ್ಲ.
ಎರಡು ಸಾವಿರ, ಇಲ್ಲ.
ಏರಿಸುತ್ತ ಹೋದೆ,
ಗುಂಡಿಯ ಮೇಲೆ ಹೆಬ್ಬೆರಳು ಮಲಗಿಯೇ ಇತ್ತು.
ಕೊನೆಗೆ, ನಾನೇನೂ ಕಳಿಸದ ಹೊತ್ತಿಗೆ, ಒತ್ತಿದರು.
ತುಸು ಬಿಟ್ಟು ಇನ್ನೊಮ್ಮೆ.

ಪರದೆಯ ಮೂಲೆಯಲ್ಲಿ ಅರವತ್ತೊಂದು ಡಿಗ್ರಿ.
ಫ್ಯಾನು ಆಗಷ್ಟೇ ಎದ್ದಿತ್ತು, ನನಗೇ ಕೇಳಿಯೂ ಕೇಳದಷ್ಟು.
ಅವರು ಹೆಡ್‌ಫೋನ್ ಕಳಚಿ ಕೆಳಗೆ ತೋರಿಸಿದರು:
ಪ್ಲೈವುಡ್ಡಿನ ಮೇಲೆ ಬರಿಗಾಲು.

ಮೊಣಕಾಲೂರಿ ಮೇಜಿನಡಿ ತೂರಿ
ಡಬ್ಬದ ಬೆನ್ನಿಗೆ ಅಂಗೈ ಇಟ್ಟರು, ಮಗುವಿನ ಜ್ವರ ನೋಡುವ ಹಾಗೆ.
“ಬೇರಿಂಗು ಒಣಗ್ ಹೋಗದೆ ತಂಗೀ,”
ನಡುಗಡಲಿನ ದನಿ, ಇಡೀ ಕ್ಲಿನಿಕ್ಕಿಗೆ,
“ಮತ್ತೆ ಇದ್ನ ಎಂತಕ್ಕೆ ಮಲಗಿಸೂದು, ಎಬ್ಬಿಸೂದು?
ಸಣ್ಣಕೆ ಬಿಟ್ಟಿಡು. ಅದರಷ್ಟಕ್ಕೆ ಇರ್ತದೆ.”

ಹೊಸ ಫ್ಯಾನಿಗೆ ಏಳುನೂರ ನಲವತ್ತು, ಡಾಕ್ಟರು ಗೊಣಗಿ ಕೊಟ್ಟರು.
ಕಾಲಡಿಗೆ ನಾಲ್ಕು ರಬ್ಬರು ಬಿಲ್ಲೆ ನಾನೇ ತಂದೆ.
ಈಗ ಆರುನೂರು ಸುತ್ತು, ಹಗಲೆಲ್ಲ ಒಂದೇ ಸಮ.
ಎಪ್ಪತ್ತೆರಡರ ತನಕ ಏಳಕೂಡದು,
ಏಳುವುದಿದ್ದರೂ ಹತ್ತು ಸೆಕೆಂಡು ಯೋಚಿಸಿ ಏಳಬೇಕು.
ಮೌನವಲ್ಲ ಇದು. ಆದರೆ ಯಾರೂ ಇದಕ್ಕೆ ಗುಂಡಿ ಒತ್ತುವುದಿಲ್ಲ.
ಮಾಸ್ತರನ್ನು ಮರಳಿ ಕರೆಸಿದೆ. ಗುಂಡಿ ಸುಮ್ಮನಿತ್ತು.
ಹೊರಡುವಾಗ ಅವರೂ.

ಬುಧವಂತರ ಕಾಗದ ಇನ್ನೂ ನನ್ನ ಫೈಲಿನಲ್ಲಿದೆ.
ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ,
ಎರಡೂ ಸೀಸ ಕಟ್ಟಿದ ಬಲೆಯಂತೆ ತಳ ಮುಟ್ಟಿವೆ.
ಆ ಎರಡು ಒತ್ತುಗಳನ್ನು ಎಲ್ಲಿ ಬರೆಯಲಿ?
ಅಂಗಾಲಿಗೆ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಚುಕ್ಕಿ ಇಟ್ಟಿದ್ದೇನೆ.
ಡಾಕ್ಟರು ಕೇಳಿದರೆ
ಪೆನ್ಸಿಲು ಬಿತ್ತು ಎನ್ನುತ್ತೇನೆ.